ಚಿಗುರಿನ ಕಾಲದ ಸೀನು, ತುರಿಕೆ, ಉಬ್ಬಸ: ಕಿವಿ ಮೂಗು ಗಂಟಲು ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ಪ್ರತಿ ವರ್ಷ ಚಳಿ ಮುಗಿದು ಮರಗಳು ಚಿಗುರುವ ಹೊತ್ತಿಗೆ ನನಗೆ ನೆಗಡಿ ಹಿಡಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಹದಿನೈದು ಸೀನು. ಮೂಗಿನಿಂದ ನೀರು ಸುರಿಯುತ್ತಲೇ ಇರುತ್ತದೆ. ಜ್ವರ ಇಲ್ಲ. ಈ ಸಲ ಮೂರು ವಾರ ಆಯಿತು. ರಾತ್ರಿ ಮೂಗು ಕಟ್ಟುತ್ತದೆ ಅಂತ ಔಷಧಿ ಅಂಗಡಿಯಲ್ಲಿ ಕೇಳಿ ಮೂಗಿಗೆ ಬಿಡುವ ಡ್ರಾಪ್ಸ್ ತಂದೆ. ಮೊದಲು ಮ್ಯಾಜಿಕ್ ತರಹ ಇತ್ತು. ಈಗ ಎರಡು ಗಂಟೆಗೊಮ್ಮೆ ಬಿಡದಿದ್ದರೆ ಉಸಿರೇ ಆಡುವುದಿಲ್ಲ. ಆಂಟಿಬಯೋಟಿಕ್ ತಗೊಳ್ಳಲಾ?

ಡಾಕ್ಟರ್: ಆಂಟಿಬಯೋಟಿಕ್ ಬೇಡ. ನಿಮಗೀಗ ಎರಡು ತೊಂದರೆ ಇರುವ ಹಾಗಿದೆ. ಒಂದನ್ನು ಈ ಕಾಲ ತಂದಿದೆ, ಇನ್ನೊಂದನ್ನು ಆ ಬಾಟಲಿ ತಂದಿದೆ.

ನೆಗಡಿ ವೈರಸ್ಸಿನಿಂದ ಬರುತ್ತದೆ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಅದು ಪ್ರತಿ ವರ್ಷ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಮೂಗು, ಕಣ್ಣು, ಅಂಗುಳ ತುರಿಸುತ್ತಾ, ತೆಳ್ಳಗೆ ನೀರು ಇಳಿಯುತ್ತಾ, ಜ್ವರವಿಲ್ಲದೆ ವಾರಗಟ್ಟಲೆ ಎಳೆದರೆ ಅದು ಹೆಚ್ಚಾಗಿ ಪರಾಗದ ಅಲರ್ಜಿ.

ಇದನ್ನು ನೆಗಡಿ ಅಂದುಕೊಂಡದ್ದಕ್ಕೆ ಬೇಜಾರು ಬೇಡ. ಡಾಕ್ಟರುಗಳೇ ಎಡವಿದ್ದಾರೆ. ಇಂಗ್ಲೆಂಡಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದರು. ಅದರಲ್ಲಿ ಬರುವ ರೋಗಿ ಅವರೇ! ಆದರೆ ಬೇಸಿಗೆಯ ಬಿಸಿಲೇ ಕಾರಣ ಅಂತ ನಂಬಿದ್ದರು. ಪರಾಗ ಕಾರಣ ಅಂತ ತೋರಿಸಿದ್ದು ಚಾರ್ಲ್ಸ್ ಬ್ಲಾಕ್ಲಿ ಎಂಬ ಇನ್ನೊಬ್ಬ ವೈದ್ಯರು. ಅವರಿಗೂ ಇದೇ ಕಾಯಿಲೆ. ತಮ್ಮ ಮೂಗಿಗೆ ತಾವೇ ಪರಾಗ ಹಾಕಿಕೊಂಡು, ಗಾಳಿಪಟ ಹಾರಿಸಿ ಮೇಲಿನ ಗಾಳಿಯಲ್ಲೂ ಪರಾಗ ಹಿಡಿದು, 1873ರಲ್ಲಿ ಪುಸ್ತಕವನ್ನೇ ಬರೆದರು.

ಈಗ ಬಾಟಲಿ. ಅದರ ಮೇಲೆ ಆಕ್ಸಿಮೆಟಾಜೊಲಿನ್ ಅಥವಾ ಕ್ಸೈಲೊಮೆಟಾಜೊಲಿನ್ ಅಂತ ಇರಬೇಕು, ನೋಡಿ. ಇವು ಮೂಗಿನೊಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಊತ ಇಳಿದು ಮೂಗು ಬಿಡುತ್ತದೆ. ದಿನಗಟ್ಟಲೆ ಹಾಕಿದರೆ ಮದ್ದಿನ ಪ್ರಭಾವ ಇಳಿದಾಗ ಊತ ಮೊದಲಿಗಿಂತ ಜಾಸ್ತಿ ಆಗುತ್ತದೆ. ಮತ್ತೆ ಡ್ರಾಪ್ಸ್, ಮತ್ತೆ ಊತ. 3ರಿಂದ 5 ದಿನಕ್ಕಿಂತ ಹೆಚ್ಚು ಇದನ್ನು ಹಾಕಬಾರದು. ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡುವವರು ನನ್ನ ಹತ್ತಿರ ಬರುತ್ತಾರೆ.

ಬಿಡಿಸಿಕೊಳ್ಳಲು ಒಂದು ಉಪಾಯ: ಒಂದೊಂದೇ ಹೊಳ್ಳೆ ಬಿಡಿಸಿ. ಮೊದಲು ಬಲಗಡೆ ಪೂರ್ತಿ ನಿಲ್ಲಿಸಿ, ಎಡಗಡೆಗೆ ಮಾತ್ರ ರಾತ್ರಿ ಹಾಕಿ. ಬಲಗಡೆ ತಾನಾಗಿ ತೆರೆದುಕೊಂಡ ಮೇಲೆ ಎಡಗಡೆಯೂ ನಿಲ್ಲಿಸಿ. ಜೊತೆಗೆ ಸ್ಟೀರಾಯ್ಡ್ ಸ್ಪ್ರೇ ಬೇಕಾಗುತ್ತದೆ. ಅದನ್ನು ನಿಮ್ಮ ಮೂಗು ನೋಡಿದ ಡಾಕ್ಟರೇ ಬರೆದುಕೊಡಲಿ. ಬಿಪಿ ಇದ್ದರೆ ಅವರಿಗೆ ಹೇಳಿ, ಈ ಡ್ರಾಪ್ಸ್ ಬಿಪಿಯನ್ನೂ ಏರಿಸಬಹುದು.

ಅದೇ ಸದಸ್ಯರು: ಸ್ಟೀರಾಯ್ಡ್ ಅಂದರೆ ಭಯ ಮೇಡಂ. ಹಿಂದೆ ಒಮ್ಮೆ ಕೊಟ್ಟಿದ್ದರು. ಎರಡು ದಿನ ಹಾಕಿದೆ, ಏನೂ ಆಗಲಿಲ್ಲ, ರಕ್ತ ಬೇರೆ ಬಂತು. ಬಿಟ್ಟುಬಿಟ್ಟೆ.

ಡಾಕ್ಟರ್: ಎರಡು ದಿನಕ್ಕೆ ಏನೂ ಆಗುವುದಿಲ್ಲ, ಅದೇ ಸರಿ. ಫ್ಲುಟಿಕಸೋನ್, ಮೊಮೆಟಸೋನ್ ಇಂಥವು ನಿಧಾನದ ಮದ್ದು. ಪೂರ್ತಿ ಗುಣ ಕಾಣಲು ಎರಡು ವಾರದವರೆಗೂ ಬೇಕು. ಇವು ಮೂಗಿನಲ್ಲೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನೀವು ಹೆದರುವ ಸ್ಟೀರಾಯ್ಡ್ ಮಾತ್ರೆಗೂ ಇದಕ್ಕೂ ತುಂಬಾ ವ್ಯತ್ಯಾಸ.

ರಕ್ತ ಬಂದಿದ್ದರೆ ಸ್ಪ್ರೇ ಬಾಟಲಿಯ ಮೂತಿಯನ್ನು ಮೂಗಿನ ನಡುಗೋಡೆಗೆ ಗುರಿ ಇಟ್ಟಿರುತ್ತೀರಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ಮೂತಿ ತಾನಾಗಿಯೇ ಹೊರಗಡೆ, ಅದೇ ಬದಿಯ ಕಿವಿಯತ್ತ ತಿರುಗುತ್ತದೆ. ಜೋರಾಗಿ ಎಳೆದುಕೊಳ್ಳಬೇಡಿ. ಗಂಟಲಲ್ಲಿ ಕಹಿ ಬಂದರೆ ಮದ್ದು ಮೂಗು ದಾಟಿ ಹೋಯಿತು ಅಂತಲೇ ಅರ್ಥ. ಮುಂದಿನ ವರ್ಷ ಸೀನು ಶುರುವಾಗುವ ಒಂದೆರಡು ವಾರ ಮೊದಲೇ ಹಾಕಲು ಶುರು ಮಾಡಿ.

ಮತ್ತೊಬ್ಬರು: ಉಪ್ಪುನೀರಿನಲ್ಲಿ ಮೂಗು ತೊಳೆಯಬಹುದಾ? ಮತ್ತೆ ಅಂಗಳದ ಹೂಗಿಡ ಎಲ್ಲ ಕಿತ್ತು ಹಾಕು ಅಂತಿದ್ದಾರೆ ಮನೆಯಲ್ಲಿ.

ಡಾಕ್ಟರ್: ತೊಳೆಯಿರಿ, ಒಳ್ಳೆಯದು. ಆದರೆ ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿ ನೀರು ನೇರವಾಗಿ ಬೇಡವೇ ಬೇಡ. ಅಪರೂಪಕ್ಕೆ ಅದರಲ್ಲಿರುವ ಅಮೀಬಾ ಮೂಗಿನಿಂದ ಮಿದುಳಿಗೆ ಏರಿ ಜೀವ ಹೋದದ್ದುಂಟು.

ಹೂಗಿಡಗಳನ್ನು ಪಾಪ ಬಿಟ್ಟುಬಿಡಿ. ಬಣ್ಣ ಬಣ್ಣದ ಹೂವು ಕೀಟಗಳನ್ನು ಕರೆಯಲು ಅರಳುತ್ತದೆ. ಅದರ ಪರಾಗ ಅಂಟಂಟು, ಭಾರ, ಗಾಳಿಯಲ್ಲಿ ದೂರ ಹೋಗುವುದಿಲ್ಲ. ತೊಂದರೆ ಕೊಡುವುದು ಹೆಚ್ಚಾಗಿ ಗಾಳಿಯನ್ನೇ ನಂಬಿದ ಮರ ಮತ್ತು ಹುಲ್ಲು. ಅವುಗಳ ಹೂವು ಕಣ್ಣಿಗೂ ಬೀಳುವುದಿಲ್ಲ. ಹೊರಗಿಂದ ಬಂದ ಮೇಲೆ ಬಟ್ಟೆ ಬದಲಿಸಿ, ಮಲಗುವ ಮೊದಲು ತಲೆ ತೊಳೆಯಿರಿ. ಗಾಳಿ ಜೋರಿದ್ದ ದಿನ ಹಾಸಿಗೆ ಬಟ್ಟೆ ಹೊರಗೆ ಒಣಗಿಸಬೇಡಿ.

ಪ್ರಶ್ನೆ: ಮಗನಿಗೆ 8 ವರ್ಷ. ಈ ಸಮಯಕ್ಕೆ ಕಣ್ಣು ಕೆಂಪಾಗಿ ಉಜ್ಜುತ್ತಲೇ ಇರುತ್ತಾನೆ, ಬೆಳಕು ನೋಡಲು ಆಗುವುದಿಲ್ಲ. ಹೋದ ವರ್ಷ ಕೊಟ್ಟ ಕಣ್ಣಿನ ಡ್ರಾಪ್ಸ್ ಹಾಕಿದರೆ ಒಂದೇ ದಿನಕ್ಕೆ ಕಡಿಮೆ. ಅದನ್ನೇ ಮತ್ತೆ ತರಿಸಿದ್ದೇನೆ. ಸರಿ ತಾನೆ?

ಡಾಕ್ಟರ್: ಸರಿಯಿಲ್ಲ ಅಮ್ಮಾ. ದಯವಿಟ್ಟು ಇವತ್ತೇ ಆ ಬಾಟಲಿಯ ಫೋಟೋ ತೆಗೆದು ಕಣ್ಣಿನ ಡಾಕ್ಟರಿಗೆ ತೋರಿಸಿ. ಗಂಡುಮಕ್ಕಳಲ್ಲಿ ಜಾಸ್ತಿ ಕಾಣುವ ಒಂದು ಕಣ್ಣಿನ ಅಲರ್ಜಿ ಇದೆ. ಅದರ ಹೆಸರಿನಲ್ಲೇ ವಸಂತ ಇದೆ, ವರ್ನಲ್ ಅಂತಾರೆ. ಒಂದೇ ದಿನಕ್ಕೆ ತಣ್ಣಗಾಗುವ ಡ್ರಾಪ್ಸ್‌ನಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ಮೂಗಿನ ಸ್ಪ್ರೇಗೆ ನಾನು ಹೇಳಿದ ಧೈರ್ಯ ಕಣ್ಣಿಗೆ ಅನ್ವಯಿಸುವುದಿಲ್ಲ. ಯಾರೂ ನೋಡದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಮಗುವಿಗೂ ಪೊರೆ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಉಜ್ಜುವುದನ್ನೂ ತಪ್ಪಿಸಿ. ವರ್ಷಗಟ್ಟಲೆ ಉಜ್ಜಿದವರಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವುದು ಜಾಸ್ತಿ. ತುರಿಸಿದಾಗ ತಣ್ಣೀರಿನ ಬಟ್ಟೆ ಇಡಿ.

ಪ್ರಶ್ನೆ: ನನಗೆ ಉಬ್ಬಸ ಸ್ವಲ್ಪ ಮಾತ್ರ. ಮಳೆ ಬಂದರೆ ಪರಾಗ ತೊಳೆದು ಹೋಗುತ್ತದೆ, ಆಗ ಆರಾಮಾಗಿ ಓಡಾಡಬಹುದು ಅಲ್ವಾ?

ಡಾಕ್ಟರ್: ಸುಮ್ನೆ ಸುರಿಯುವ ಮಳೆಯಾದರೆ ಹೌದು. ಗುಡುಗು ಮಳೆ ಬೇರೆ ಕಥೆ. 2016ರ ನವೆಂಬರ್ 21ರಂದು, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅದು ವಸಂತ, ಸಂಜೆ ಗುಡುಗು ಮಳೆ ಬಂತು. ಹುಲ್ಲಿನ ಪರಾಗ ತೇವಕ್ಕೆ ಒಡೆದು ಸಣ್ಣ ಸಣ್ಣ ಚೂರಾಗಿ ಶ್ವಾಸಕೋಶದ ಒಳಗೇ ಇಳಿಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಜನ ತೀರಿಹೋದರು. ಅಂದು ಉಸಿರುಕಟ್ಟಿದವರಲ್ಲಿ ಅನೇಕರಿಗೆ ಮೊದಲು ಆಸ್ತಮಾ ಅಂತಲೇ ಗೊತ್ತಿರಲಿಲ್ಲ, ಬರೀ ಸೀನಿನವರು. ಗುಡುಗು ಶುರುವಾದರೆ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳಿ. ಇನ್ಹೇಲರ್ ಕೈಗೆ ಸಿಗುವ ಹಾಗಿರಲಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಅದು ಬೇಕಾಗುತ್ತಿದ್ದರೆ ಅದು "ಸ್ವಲ್ಪ ಉಬ್ಬಸ" ಅಲ್ಲ, ಡಾಕ್ಟರನ್ನು ನೋಡಿ.

ಪ್ರಶ್ನೆ: ಸೀನಿಗೆ ಮಾತ್ರೆ ನುಂಗಿ ಗಾಡಿ ಓಡಿಸಬಹುದಾ?

ಡಾಕ್ಟರ್: ಕ್ಲೋರ್‌ಫೆನಿರಮಿನ್ ಇದ್ದರೆ ಬೇಡ, ನಿದ್ದೆ ಎಳೆಯುತ್ತದೆ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ, ರಾತ್ರಿ ತಗೊಳ್ಳಿ. ಫೆಕ್ಸೊಫೆನಡಿನ್‌ಗೆ ನಿದ್ದೆ ಕಡಿಮೆ. ಅದನ್ನು ಹಣ್ಣಿನ ರಸದ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನೀರು ಸಾಕು.

ಮೊದಲು ಕೇಳಿದ ಸದಸ್ಯರು (ಒಂಬತ್ತು ದಿನದ ನಂತರ): ಮೇಡಂ, ಡಾಕ್ಟರ್ ಹತ್ತಿರ ಹೋಗಿ ಸ್ಪ್ರೇ ಶುರು ಮಾಡಿದೆ. ಮೊದಲ ನಾಲ್ಕು ರಾತ್ರಿ ನರಕ. ನಿನ್ನೆಯಿಂದ ಬಲಗಡೆ ಬಿಟ್ಟಿದೆ.

ಡಾಕ್ಟರ್: ಶಭಾಷ್. ಹಾಗಾದರೆ ಇವತ್ತು ರಾತ್ರಿ ಎಡಗಡೆಗೂ ಡ್ರಾಪ್ಸ್ ಬೇಡ. ಸ್ಪ್ರೇ ಮಾತ್ರ ನಿಲ್ಲಿಸಬೇಡಿ.