ಅಪ್‌ಡೇಟ್: ಎಡಬಲ ಒಂದೇ ಅಳತೆ ಇರಲಿಲ್ಲ, ಕೊನೆಗೆ ಹೀಗಾಯ್ತು

ಗುಳೇದಗುಡ್ಡ ಖಣದ ಬ್ಲೌಸ್ ಎಡಗಡೆ ಬಿಗಿ, ಬಲಗಡೆ ಸಡಿಲ. ಒಂದು ಸ್ತನ ದೊಡ್ಡದು, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ವಯಸ್ಸು 27.

"ಮೊದಲು ಡಾಕ್ಟರಿಗೆ ತೋರಿಸಿ" ಅಂದವರಿಗೆ ಥ್ಯಾಂಕ್ಸ್. ಬೆಳಗಾವಿಯಲ್ಲೇ ತೋರಿಸಿದೆ. "ಮೊದಲಿನಿಂದ ಹೀಗೇನಾ, ಈಚೆಗೆ ಆಯ್ತಾ?" ಅಂತ ಕೇಳಿದರು. ನನ್ನದು ದೊಡ್ಡವಳಾದಾಗಿನಿಂದ ಹೀಗೇ. ಮುಟ್ಟಿ ನೋಡಿ, ಗಂಟಿಲ್ಲ, ಸ್ವಲ್ಪ ಹೆಚ್ಚುಕಮ್ಮಿ ಬಹಳ ಹೆಂಗಸರಿಗೆ ಇರುತ್ತೆ ಅಂದರು. ಆದರೆ ಹೊಸದಾಗಿ ಒಂದೇ ಕಡೆ ದೊಡ್ಡದಾದರೆ, ಗಂಟು ಸಿಕ್ಕರೆ, ಚರ್ಮ ಒಳಗೆ ಎಳೆದಂತಾದರೆ ತಡ ಮಾಡಬಾರದಂತೆ.

ನಿಮ್ಮಲ್ಲಿ ಕೆಲವರು ಹೇಳಿದ ಎಣ್ಣೆ ಮಸಾಜ್ ಎರಡು ವಾರ ಮಾಡಿದೆ. ದಿಂಬಿನ ಕವರಿಗೆ ಕಲೆ ಆಯ್ತು, ಅಷ್ಟೇ.

ಉಪಯೋಗಕ್ಕೆ ಬಂದದ್ದು ಪ್ಯಾಡ್ ಸಲಹೆ. ದೊಡ್ಡ ಕಡೆಯ ಅಳತೆಗೆ ಬ್ರಾ ತಗೊಳ್ಳಬೇಕು. ಖಡೇಬಜಾರಿನಲ್ಲಿ ಪ್ಯಾಡ್ ತೆಗೆಯಲು ಬರುವಂಥದ್ದು ಸಿಕ್ಕಿತು. ಎಡಗಡೆಯದು ತೆಗೆದೆ, ಬಲಗಡೆಯದು ಬಿಟ್ಟೆ.

ಬ್ಲೌಸ್ ಬಿಚ್ಚಿ ಹೊಲಿಯಲು ಕೊಡುವಾಗ ನಾಚಿಕೆ ಆಗಿತ್ತು. ಟೇಲರ್ ಅಕ್ಕ ಸುಮ್ನೆ ಟೇಪ್ ಹಿಡಿದು, "ಎಷ್ಟೋ ಮಂದಿದು ಹಿಂಗ ಇರ್ತದ ತಂಗಿ, ಟಕ್ಸ್ ಬ್ಯಾರೆ ಬ್ಯಾರೆ ಹಿಡಿತೀನಿ" ಅಂದಳು!

ಆಪರೇಷನ್ನೂ ಇದೆ: ದೊಡ್ಡದನ್ನು ಸಣ್ಣ ಮಾಡುತ್ತಾರೆ, ಇಲ್ಲವೇ ಸಣ್ಣದಕ್ಕೆ ಇಂಪ್ಲಾಂಟ್ ಇಡುತ್ತಾರೆ. ನನಗೆ ಬೇಡ ಅನಿಸಿತು. ಬ್ಲೌಸ್ ಈಗ ಸರಿಯಾಗಿ ಕೂತಿದೆ.