ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಜೋಡಿ ಪ್ರದರ್ಶನ: ಯಾವ ಎರಡನೇ ಭಾಗ ಹಾಕಬಹುದು?

ಕೊಡಿಯಾಲ್ ರೀಲು (ಮಂಗಳೂರು):
ನಮಸ್ಕಾರ. ನಮ್ಮ ಸಣ್ಣ ಸಿನಿಮಾ ಕೂಟದಲ್ಲಿ ಆಗಸ್ಟ್‌ನ ಎರಡು ಶನಿವಾರ 1970ರ ದಶಕದ ಬ್ಲ್ಯಾಕ್ಸ್‌ಪ್ಲಾಯ್ಟೇಶನ್ (ಕಪ್ಪು ಪ್ರೇಕ್ಷಕರಿಗಾಗಿ ಕಪ್ಪು ನಾಯಕರನ್ನಿಟ್ಟು ತೆಗೆದ ಅಮೆರಿಕದ ಸಿನಿಮಾ) ಹೊಡೆದಾಟದ ಸಿನಿಮಾಗಳನ್ನು ಜೋಡಿಯಾಗಿ ಹಾಕುವ ಅಂದಾಜು ಉಂಟು. ಮೊದಲ ಭಾಗ, ಚಾ, ಮತ್ತೆ ಎರಡನೇ ಭಾಗ. 40 ಕುರ್ಚಿಯ ಹಾಲ್, ಮೇಲೆ ತಗಡಿನ ಶೀಟು, ಫುಲ್ ಎಚ್‌ಡಿ ಪ್ರೊಜೆಕ್ಟರ್, ಎರಡು ಸ್ಪೀಕರ್. ಹೆಚ್ಚಿನವರು ‘ಶಾಫ್ಟ್’ ಬಿಟ್ಟು ಬೇರೆ ನೋಡಿದವರಲ್ಲ. ಎರಡನೇ ಭಾಗಗಳೆಲ್ಲ ಬರೀ ದುಡ್ಡಿಗೆ ಮಾಡಿದ್ದು, ಬಿಟ್ಟುಬಿಡಿ ಅಂತ ಕೆಲವರು ಹೇಳ್ತಾರೆ. ಹೌದಾ? ‘ಡೋಲೆಮೈಟ್’ನಲ್ಲಿ ಶೂಟಿಂಗಿನ ಮೈಕ್ ಚಿತ್ರದೊಳಗೆ ನೇತಾಡುವುದು ಕಾಣ್ತದಲ್ಲ, ಅದನ್ನು ಹಾಗೇ ಬಿಡುವುದಾ? ಬಡ ಬಜೆಟ್ಟಿನವರನ್ನು ಹಂಗಿಸುವ ಕಾರ್ಯಕ್ರಮ ಆಗುವುದು ಬೇಡ ಅಂತ ಆಸೆ.

ಮ್ಯಾಟಿನಿ ಮಣಿಪಾಲ:
ದುಡ್ಡಿಗೇ ಮಾಡಿದ್ದು ಮಾರಾಯ್ರೇ, ಗಮ್ಮತ್ತು ಇರುವುದೂ ಅಲ್ಲೇ. ಮೊದಲನೆಯದು ಓಡಿತು, ಜನ ಮರೆಯುವ ಮೊದಲು ಇನ್ನೊಂದು ಥಿಯೇಟರಿಗೆ ಬರಬೇಕು. ಆ ಗಡಿಬಿಡಿ ಪರದೆ ಮೇಲೆ ಕಾಣ್ತದೆ.

ಇದಕ್ಕೆ ನಿರ್ದೇಶಕ ಲ್ಯಾರಿ ಕೋಹೆನ್‌ನ ‘ಬ್ಲ್ಯಾಕ್ ಸೀಸರ್’ ಮತ್ತು ‘ಹೆಲ್ ಅಪ್ ಇನ್ ಹಾರ್ಲೆಮ್’ಗಿಂತ ಒಳ್ಳೆಯ ಜೋಡಿ ಇಲ್ಲ. ಎರಡೂ 1973ರಲ್ಲೇ ಬಂದವು. ಎರಡನೆಯದರ ಹೊತ್ತಿಗೆ ಕೋಹೆನ್ ವಾರವಿಡೀ ‘ಇಟ್ಸ್ ಅಲೈವ್’ ಶೂಟಿಂಗ್‌ನಲ್ಲಿ, ನಾಯಕ ಫ್ರೆಡ್ ವಿಲಿಯಮ್ಸನ್ ಇನ್ನೊಂದು ಚಿತ್ರದಲ್ಲಿ. ಹಾಗಾಗಿ ಶನಿವಾರ, ಭಾನುವಾರ ಸೇರಿ ತೆಗೆದದ್ದು. ನ್ಯೂಯಾರ್ಕ್ ಬೀದಿಯಲ್ಲಿ ನಾಯಕನ ಬೆನ್ನು ಮಾತ್ರ ಕಂಡರೆ ಅದು ಡ್ಯೂಪ್ ಎಂದು ಸಂಶಯಪಡಿ. ಮುಖದ ಶಾಟ್ ಲಾಸ್ ಏಂಜಲೀಸ್‌ನಲ್ಲಿ ತೆಗೆದು ಅಂಟಿಸಿದ್ದು. ಸಂಗೀತವೂ ಜೇಮ್ಸ್ ಬ್ರೌನ್‌ನಿಂದ ಎಡ್ವಿನ್ ಸ್ಟಾರ್‌ಗೆ ಹೋಗಿದೆ. ಒಂದು ಗುಂಡಿ ಉಂಟು: ಮೊದಲ ಭಾಗದ ಮೂಲ ಕೊನೆಯಲ್ಲಿ ನಾಯಕ ಸಾಯ್ತಾನೆ. ಪ್ರೇಕ್ಷಕರು ಒಪ್ಪಲಿಲ್ಲ ಎಂದು ಥಿಯೇಟರಿನಲ್ಲಿ ಅದನ್ನು ಕತ್ತರಿಸಿದರು, ಆಮೇಲಿನ ವಿಡಿಯೊ ಪ್ರತಿಗಳಲ್ಲಿ ವಾಪಸು ಸೇರಿತು. ನಿಮ್ಮ ಪ್ರತಿಯಲ್ಲಿ ಆ ಕೊನೆ ಇದ್ದರೆ ಚಾ ಹೊತ್ತಿಗೆ ಇದನ್ನು ಹೇಳಿಬಿಡಿ. ಇಲ್ಲದಿದ್ದರೆ ಸತ್ತವ ಹೇಗೆ ಎದ್ದು ಬಂದ ಅಂತ ಅರ್ಧ ಸಿನಿಮಾ ಗುಸುಗುಸು.

‘ಡೋಲೆಮೈಟ್’ (1975) ಮತ್ತು ‘ದಿ ಹ್ಯೂಮನ್ ಟೊರ್ನಾಡೊ’ (1976) ಇನ್ನೊಂದು ಜೋಡಿ. ಇಲ್ಲಿ ಎರಡನೆಯದೇ ಮೇಲು. ನಾಯಕ ಬತ್ತಲೆಯಾಗಿ ಗುಡ್ಡದಿಂದ ಹಾರ್ತಾನೆ, ನಂಬದವರಿಗಾಗಿ ಅದೇ ಶಾಟನ್ನು ಇನ್ನೊಮ್ಮೆ ತೋರಿಸ್ತಾರೆ. ತನ್ನ ಅಗ್ಗತನವನ್ನೇ ಆಟ ಮಾಡಿಕೊಂಡ ಸಿನಿಮಾ ಅದು.

‘ಶಾಫ್ಟ್’ನ ಮುಂದಿನ ಭಾಗಗಳು ದೊಡ್ಡ ಸ್ಟುಡಿಯೊದವು, ನೀಟಾಗಿವೆ, ನಿಮಗೆ ಬೇಕಾದ ಅತಿರೇಕ ಅವುಗಳಲ್ಲಿ ಇಲ್ಲ. ‘ಸೂಪರ್ ಫ್ಲೈ ಟಿಎನ್‌ಟಿ’ ರೋಮ್‌ಗೆ ಹೋಗಿ ನಿದ್ದೆ ಬರಿಸ್ತದೆ. ಬಿಡಿ.

ಉಡುಪಿ 35 ಎಂಎಂ:
ಮೈಕ್ ವಿಷಯ. ಅದರಲ್ಲಿ ಬಹುಪಾಲು ಸಿನಿಮಾ ಮಾಡಿದವರ ತಪ್ಪಲ್ಲ, ಟೇಪ್ ಮಾಡಿದವರದ್ದು. ಆ ಕಾಲದಲ್ಲಿ ಫಿಲ್ಮಿನ ಮೇಲೆ ಚಿತ್ರ ಸುಮಾರು 1.37:1 ಅಳತೆಯಲ್ಲಿ ಬೀಳ್ತಿತ್ತು. ಥಿಯೇಟರಿನ ಪ್ರೊಜೆಕ್ಟರ್‌ನಲ್ಲಿ ತಗಡಿನ ಮಾಸ್ಕ್ ಹಾಕಿ ಮೇಲೆ ಕೆಳಗೆ ಮುಚ್ಚಿ 1.85:1 ಮಾಡ್ತಿದ್ದರು. ಮೈಕ್ ನೇತಾಡ್ತಿದ್ದದ್ದು ಮುಚ್ಚಿಹೋಗುವ ಜಾಗದಲ್ಲಿ. ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿಗೆ ಹಾಕುವಾಗ ಮಾಸ್ಕ್ ತೆಗೆದರು, ಮೈಕ್ ಹೊರಗೆ ಬಂತು. ವಿನೆಗರ್ ಸಿಂಡ್ರೋಮ್ ಕಂಪೆನಿಯ ಬ್ಲೂ-ರೇಯಲ್ಲಿ ಎರಡೂ ಬಗೆ ಉಂಟು. ಮುಚ್ಚಿದ್ದನ್ನು ಹಾಕಿ, ಚಾ ಹೊತ್ತಿಗೆ ಬೇಕಾದರೆ ಇನ್ನೊಂದರ ಐದು ನಿಮಿಷ.

ನಿಮ್ಮಲ್ಲಿರುವುದು ಹಳೆಯ ಚೌಕ ಫೈಲ್ ಆದರೆ ವಿಎಲ್‌ಸಿ ಪ್ಲೇಯರಿನ ಕ್ರಾಪ್ (ಅಂಚು ಕತ್ತರಿಸುವ) ಪಟ್ಟಿಯಲ್ಲಿ 1.85:1 ಆರಿಸಿ. 1080 ಗೆರೆಯ ಪೂರ್ತಿ ಚೌಕಟ್ಟಿನಲ್ಲಿ ಅಗಲ ಸುಮಾರು 1480 ಪಿಕ್ಸೆಲ್, ಉಳಿಯಬೇಕಾದ ಎತ್ತರ 800. ಅಂದರೆ ಮೇಲೆ 140, ಕೆಳಗೆ 140 ಹೋಗ್ತದೆ. ಮೊದಲೇ 16:9 ಇರುವ ಫೈಲನ್ನು ಮತ್ತೆ ಕತ್ತರಿಸಬೇಡಿ, ತಲೆ ಹಾರ್ತದೆ.

ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿ ತಪ್ಪಿಸಿ. ಸೆಕೆಂಡಿಗೆ 24 ಫ್ರೇಮಿನದ್ದು 25ರಲ್ಲಿ ಓಡಿ 90 ನಿಮಿಷ 86 ಚಿಲ್ಲರೆ ಆಗ್ತದೆ, ಹಾಡಿನ ಶ್ರುತಿಯೂ ಏರ್ತದೆ. ಫಂಕ್ ಸಂಗೀತಕ್ಕೆ ಅದು ಅನ್ಯಾಯ. ಧ್ವನಿ ಮೋನೊ (ಒಂದೇ ಟ್ರ್ಯಾಕ್), ಹಾಗಾಗಿ ಸರೌಂಡ್ ಆಫ್. ಎರಡು ಸ್ಪೀಕರನ್ನು ಗೋಡೆಯ ಎರಡು ತುದಿಗೆ ಇಡಬೇಡಿ, ಪರದೆಯ ಕೆಳಗೆ ಒಟ್ಟಿಗೆ ಇಡಿ. ಆಗಸ್ಟ್, ಶೀಟಿನ ಮಾಡು: ಮಳೆ ಬಂದರೆ ವಾಲ್ಯೂಮ್ ಏರಿಸಿದಷ್ಟೂ ಬರೀ ಗದ್ದಲ. ಬಾಸ್ ಇಳಿಸಿ, 2ರಿಂದ 4 ಕಿಲೋಹರ್ಟ್ಸ್ 3 ಡೆಸಿಬೆಲ್ ಏರಿಸಿ, ಸಬ್‌ಟೈಟಲ್ ಹಾಕಿಯೇ ಓಡಿಸಿ.

ಕಾಪು ಕಟೌಟ್:
ಹಂಗಿಸುವ ಪ್ರಶ್ನೆಗೆ: ಎಲ್ಲವನ್ನೂ ಒಂದೇ ಹೆಡಿಗೆಗೆ ಹಾಕಬೇಡಿ. ರೂಡಿ ರೇ ಮೂರ್ ಮೊದಲೇ ಹಾಸ್ಯಗಾರ. ಪೋಲಿ ಮಾತಿನ ರೆಕಾರ್ಡುಗಳಿಂದ ಹೆಸರು ಮಾಡಿ, ಸ್ವಂತ ದುಡ್ಡು ಸುರಿದು ‘ಡೋಲೆಮೈಟ್’ ತೆಗೆದವನು. ಮಧ್ಯೆ ನಿಂತು ಹೇಳುವ ಪ್ರಾಸದ ಕತೆಗಳು ಕಪ್ಪು ಅಮೆರಿಕನ್ನರ ಬಾಯಿಮಾತಿನ ಪರಂಪರೆಯವು. ಅಲ್ಲಿ ನಕ್ಕರೆ ಅವನಿಗೆ ಸಂತೋಷವೇ. ಒದೆ ಗಾಳಿಗೆ ಬಿದ್ದು ಎದುರಾಳಿ ಮಗುಚಿದಾಗಲೂ ಧಾರಾಳ ನಗಿ. ನಮ್ಮವರು ಸಿಐಡಿ 999ರ ಗುಂಡಿ ಒತ್ತಿದರೆ ತೆರೆಯುವ ಗೋಡೆಗಳನ್ನು ನೋಡಿದವರೇ, ಈ ಬಗೆಯ ಪ್ರೀತಿ ಹೊಸತಲ್ಲ.

ನಟಿ ಪ್ಯಾಮ್ ಗ್ರಿಯರ್‌ಳ ಸಿನಿಮಾಗಳು ಹಾಗಲ್ಲ. ಜ್ಯಾಕ್ ಹಿಲ್ ನಿರ್ದೇಶಿಸಿದ ‘ಕಾಫಿ’ (1973) ಒಳಗೆ ನಿಜವಾದ ಸಿಟ್ಟು ಉಂಟು. ‘ಫಾಕ್ಸಿ ಬ್ರೌನ್’ (1974) ಅದರ ಎರಡನೇ ಭಾಗವಾಗಿಯೇ ಶುರುವಾದದ್ದು, ಕಂಪೆನಿ ಬೇಡವೆಂದ ಮೇಲೆ ಪಾತ್ರದ ಹೆಸರು ಬದಲಾಯಿತು. ಅದರಲ್ಲಿ ಲೈಂಗಿಕ ಹಿಂಸೆಯ ದೃಶ್ಯಗಳಿವೆ. ನಗುವ ಮೂಡಿನಲ್ಲಿ ಬಂದವರ ಎದುರು ಹಾಕಿದರೆ ಹಾಲ್ ಕೆಡ್ತದೆ. ಈ ಸಿನಿಮಾಗಳ ಬಗ್ಗೆ ಕಪ್ಪು ಅಮೆರಿಕನ್ನರಲ್ಲೇ ಜಗಳ ಇತ್ತು ಎಂಬುದೂ ಪೀಠಿಕೆಯಲ್ಲಿ ಬರಲಿ. 1972ರಲ್ಲಿ ‘ಬ್ಲ್ಯಾಕ್ಸ್‌ಪ್ಲಾಯ್ಟೇಶನ್’ ಎಂಬ ಹೆಸರನ್ನು ಚಲಾವಣೆಗೆ ತಂದ ಜೂನಿಯಸ್ ಗ್ರಿಫಿನ್, ಕಪ್ಪು ಅಮೆರಿಕನ್ನರ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿಯ ಹಾಲಿವುಡ್ ಶಾಖೆಯವರು, ಅದು ಬೈಗುಳವಾಗಿಯೇ ಬಂದದ್ದು. ಮತ್ತೊಂದು ಕಡೆ, ಕಪ್ಪು ನಾಯಕ ಗೆದ್ದು ಹೊರಗೆ ಬರುವುದನ್ನು ನೋಡಲು ಜನ ಟಿಕೆಟ್ ತೆಗೆದರು.

ಈ ಸಿನಿಮಾಗಳನ್ನೇ ಅಣಕಿಸುವ ‘ಬ್ಲ್ಯಾಕ್ ಡೈನಮೈಟ್’ (2009) ಮೊದಲು ಹಾಕಬೇಡಿ. ಅದರಲ್ಲಿ ಮೈಕ್ ನಾಯಕನ ಕೂದಲಿಗೆ ತಾಗುವುದು ಬೇಕೆಂದೇ ಮಾಡಿದ್ದು. ಅದನ್ನು ನೋಡಿ ಬಂದವರಿಗೆ ಉಳಿದವೆಲ್ಲ ಅಣಕದ ಹಾಗೆ ಕಾಣ್ತವೆ.

ಕೊಡಿಯಾಲ್ ರೀಲು:
ಹಾಗಾದರೆ ಮೊದಲ ಶನಿವಾರ ಕೋಹೆನ್, ಎರಡನೆಯದು ಮೂರ್. ಪಿಯುಸಿ ಮಕ್ಕಳು ಬರ್ತೇವೆ ಅಂತಾರೆ, ಅವರಿಗೆ ಎಂತ ಹಾಕುವುದು?

ಮ್ಯಾಟಿನಿ ಮಣಿಪಾಲ:
ಆ ನಾಲ್ಕಕ್ಕೂ ಅವರು ಬೇಡ. ಬೇರೆ ದಿನ ಮಧ್ಯಾಹ್ನ ‘ಕ್ಲಿಯೋಪಾತ್ರಾ ಜೋನ್ಸ್’ (1973) ಹಾಕಿ. ಅಮೆರಿಕದಲ್ಲಿ ಪಿಜಿ (ಹೆತ್ತವರ ಸಲಹೆಯೊಂದಿಗೆ ಮಕ್ಕಳೂ ನೋಡಬಹುದು ಎಂಬ) ಸರ್ಟಿಫಿಕೇಟ್ ಸಿಕ್ಕಿದ್ದು, ಆರಡಿ ದಾಟಿದ ಟಮಾರಾ ಡಾಬ್ಸನ್, ಕರಾಟೆ, ಕಾರು, ಕಿರುಚುವ ಖಳನಾಯಕಿ ಶೆಲ್ಲಿ ವಿಂಟರ್ಸ್. ಅದರ ಎರಡನೇ ಭಾಗ 1975ರಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೊ ಜೊತೆ ಸೇರಿ ತೆಗೆದದ್ದು, ಹೊಡೆದಾಟ ಅಲ್ಲಿ ಇನ್ನೂ ಜೋರು. ಮಕ್ಕಳಿಗೆ ತೋರಿಸುವ ಮುಂಚೆ ನೀವೊಮ್ಮೆ ಪೂರ್ತಿ ನೋಡಿ.