ಪಾರ್ಕ್ ಮಾಡಿದ ಡೊಮೇನ್ ತೆರೆದರೆ ಐಕಾನ್ ಜಾಗದಲ್ಲಿ ಖಾಲಿ ಚೌಕ: ಎಲ್ಲಿ ಎಡವಿದೆ?

ಹುಣ್ಣಿಮೆ_ಬೇಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕತೆ, ಬೇಜಾರು ಮಾಡ್ಕೋಬೇಡಿ.

ನನಗೆ ರಾತ್ರಿ ಆಕಾಶ ನೋಡೋ ಹುಚ್ಚು. ದೂರದರ್ಶಕದಲ್ಲಿ ಕಂಡದ್ದನ್ನೆಲ್ಲ ಬರೆದಿಡೋಕೆ ಒಂದು ವರ್ಡ್‌ಪ್ರೆಸ್ ಸೈಟ್ ನಡೆಸ್ತೀನಿ. ಅದರ ಹೆಸರು 'ತಾರಾ' ಅಂತ ಶುರುವಾಗುತ್ತೆ. ಕನ್ನಡದಲ್ಲಿ ಬರೆದರೆ ತಕರಾರೇ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಬಂದ ಕೂಡಲೇ ತಲೆನೋವು. ನಾನು 'ಟಿ' ಆದ ಮೇಲೆ ಒಂದೇ 'ಎ' ಹಾಕಿ ಡೊಮೇನ್ ತಗೊಂಡಿದ್ದೆ. ಹೆಸರು ಕಿವಿಯಲ್ಲಿ ಕೇಳಿ ಟೈಪ್ ಮಾಡೋರಲ್ಲಿ ಅರ್ಧ ಜನ ಎರಡೆರಡು 'ಎ' ಹಾಕ್ತಾರೆ, ಉಳಿದವರು 'ಟಿ' ಪಕ್ಕ ಒಂದು 'ಎಚ್' ಕೂರಿಸ್ತಾರೆ. 'ನಿಮ್ಮ ಸೈಟ್ ಮುಚ್ಚಿಹೋಯ್ತಾ?' ಅಂತ ಮೂರನೇ ಸಲ ಕೇಳಿಸಿಕೊಂಡ ಮೇಲೆ ಆ ಎರಡೂ ಹೆಸರನ್ನ ನಾನೇ ತಗೊಂಡೆ.

ಈಗ ಪರಿಸ್ಥಿತಿ ಹೀಗಿದೆ. 'ಎಚ್' ಇರೋ ಹೆಸರನ್ನ ನಾನು ಮುಟ್ಟೇ ಇಲ್ಲ. ಅದನ್ನ ತೆರೆದರೆ 'ಈ ಡೊಮೇನ್ ಪಾರ್ಕ್ ಮಾಡಲಾಗಿದೆ' ಅಂತ ಬರುತ್ತೆ, ಕೆಳಗೆ ಸಾಲದ ಜಾಹೀರಾತು, ತೂಕ ಇಳಿಸೋ ಜಾಹೀರಾತು. ನಾನು ಹಾಕಿದ್ದಲ್ಲ. 'ಎರಡು ಎ' ಹೆಸರನ್ನ ಹೋಸ್ಟಿಂಗ್‌ನವರು (ಸೈಟ್‌ಗೆ ಸರ್ವರ್ ಬಾಡಿಗೆಗೆ ಕೊಟ್ಟವರು) ಹೇಳಿದ ಹಾಗೆ ಸಿಪ್ಯಾನೆಲ್‌ಗೆ, ಅಂದರೆ ಅವರು ಕೊಟ್ಟಿರೋ ನಿಯಂತ್ರಣ ಪುಟಕ್ಕೆ, ಹೋಗಿ ಪಾರ್ಕ್ ಮಾಡಿದೆ. ನನ್ನದೇ ಮುಖಪುಟ ತೆರೆದುಕೊಳ್ತು. ಖುಷಿ ಹತ್ತು ನಿಮಿಷ ಇತ್ತು ಅಷ್ಟೇ. ಫೋಟೋ ಎಲ್ಲ ಬರ್ತಿವೆ, ಆದರೆ ಮೆನು ಐಕಾನ್, ಹುಡುಕೋ ಭೂತಗನ್ನಡಿ ಇರಬೇಕಾದ ಕಡೆ ಖಾಲಿ ಚೌಕ. ಯಾವ ಲಿಂಕ್ ಒತ್ತಿದರೂ ಮೇಲಿನ ವಿಳಾಸ ಹಳೇ ಹೆಸರಿಗೆ ಜಿಗಿಯುತ್ತೆ. ಎಚ್‌ಟಿಟಿಪಿಎಸ್ ಹಾಕಿ ತೆರೆದರೆ 'ಈ ಸಂಪರ್ಕ ಸುರಕ್ಷಿತವಲ್ಲ' ಅಂತ ಬ್ರೌಸರ್ ಹೆದರಿಸುತ್ತೆ.

ಪಾರ್ಕ್ ಅಂದರೆ ಗಾಡಿ ನಿಲ್ಲಿಸಿದ ಹಾಗೆ, ಸುಮ್ಮನೆ ಬಿದ್ದಿರುತ್ತೆ ಅಂದುಕೊಂಡಿದ್ದೆ. ಒಂದು ಪಾರ್ಕ್ ಜಾಹೀರಾತು ತೋರಿಸುತ್ತೆ, ಇನ್ನೊಂದು ನನ್ನ ಸೈಟ್ ತೋರಿಸುತ್ತೆ. ಏನಿದು? ಒಂದೇ ಸೈಟ್ ಎರಡು ಹೆಸರಲ್ಲಿ ಕಂಡರೆ ಗೂಗಲ್ ಶಿಕ್ಷೆ ಕೊಡುತ್ತಂತೆ, ನಿಜವಾ?

ಬೇಗ_ಉತ್ತರ:

ಸಿಂಪಲ್. ಪಾರ್ಕ್ ತೆಗೆದುಹಾಕಿ. ಆ ಹೆಸರನ್ನ ಆಡ್‌ಆನ್ ಡೊಮೇನ್ ಮಾಡಿ, ವರ್ಡ್‌ಪ್ರೆಸ್ ಪೂರ್ತಿ ಕಾಪಿ ಹೊಡೆದು ಅಲ್ಲೂ ಇನ್‌ಸ್ಟಾಲ್ ಮಾಡಿ. ಐಕಾನ್ ಬರುತ್ತೆ, ಲಿಂಕೂ ಜಿಗಿಯಲ್ಲ.

ಹಳೇ_ಸರ್ವರ್:

ಐಕಾನ್ ಬರುತ್ತೆ, ಹೌದು. ಆಮೇಲೆ ಪ್ರತಿ ಲೇಖನವನ್ನೂ ಎರಡೆರಡು ಸಲ ಹಾಕುತ್ತಾ ಕೂರಬೇಕು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಆಡ್‌ಆನ್ ಇರೋದು ಬೇರೆ ಸೈಟ್‌ಗೆ, ಬೇರೆ ಫೋಲ್ಡರ್‌ಗೆ. ನಿಮ್ಮದು ಒಂದೇ ಸೈಟ್.

ಗೊಂದಲ ಆ ಪದದ್ದೇ, ನಿಮ್ಮ ತಪ್ಪೇನಿಲ್ಲ. ಡೊಮೇನ್ ಮಾರುವವರ ಬಾಯಲ್ಲಿ ಪಾರ್ಕ್ ಅಂದರೆ 'ಹೆಸರು ಇದೆ, ಸೈಟ್ ಇಲ್ಲ' ಅಂತ. ಒಂದು ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋದು ನೇಮ್‌ಸರ್ವರ್. ನೀವು ಅದನ್ನ ಬದಲಾಯಿಸದ ತನಕ ಅವರದೇ ನೇಮ್‌ಸರ್ವರ್ ಉತ್ತರ ಕೊಡುತ್ತಿರುತ್ತೆ, ಅವರದೇ ಪುಟ ಕಾಣುತ್ತೆ, ಜಾಹೀರಾತಿನ ದುಡ್ಡೂ ಅವರದೇ. ಹೋಸ್ಟಿಂಗ್‌ನವರ ಬಾಯಲ್ಲಿ ಅದೇ ಪದಕ್ಕೆ ತದ್ವಿರುದ್ಧ ಅರ್ಥ: ಇರುವ ಸೈಟ್‌ಗೆ ಇನ್ನೊಂದು ಹೆಸರು. ಸಿಪ್ಯಾನೆಲ್‌ನವರಿಗೇ ಇದು ಸರಿ ಕಾಣಲಿಲ್ಲವೋ ಏನೋ, 'ಪಾರ್ಕ್ಡ್ ಡೊಮೇನ್ಸ್' ಅನ್ನೋದನ್ನ ಆಮೇಲೆ 'ಏಲಿಯಾಸಸ್' ಮಾಡಿದರು. ಈಚಿನ ಆವೃತ್ತಿಗಳಲ್ಲಿ ಅದೂ ಹೋಗಿ, 'ಡೊಮೇನ್ಸ್' ಪುಟದಲ್ಲಿ ಮುಖ್ಯ ಹೆಸರಿನ ಡಾಕ್ಯುಮೆಂಟ್ ರೂಟ್ (ಸೈಟ್‌ನ ಫೈಲ್‌ಗಳಿರೋ ಫೋಲ್ಡರ್) ಹಂಚಿಕೊಳ್ಳಬೇಕಾ ಅಂತ ಕೇಳೋ ಒಂದು ಟಿಕ್ ಉಳಿದಿದೆ. ನಮ್ಮಲ್ಲಿ ಇದಕ್ಕೆ ಸರಿಯಾದ ಪದ ಮೊದಲಿಂದಲೂ ಇದೆ: ಅಡ್ಡಹೆಸರು.

ಒಳಗೆ ಆಗೋದು ಇಷ್ಟು. ಬ್ರೌಸರ್ ಸರ್ವರ್‌ಗೆ ಪುಟ ಕೇಳುವಾಗ 'ಹೋಸ್ಟ್' ಅನ್ನೋ ಒಂದು ಸಾಲಿನಲ್ಲಿ ತಾನು ಯಾವ ಹೆಸರು ಹುಡುಕಿಕೊಂಡು ಬಂದೆ ಅಂತ ಹೇಳುತ್ತೆ. 1997ರಲ್ಲಿ ಬಂದ ಎಚ್‌ಟಿಟಿಪಿ 1.1 ಆ ಸಾಲನ್ನ ಕಡ್ಡಾಯ ಮಾಡಿತು. ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟ್ ಇರೋಕೆ ಸಾಧ್ಯವಾಗಿರೋದು ಅದರಿಂದಲೇ. ನೀವು ಪಾರ್ಕ್ ಒತ್ತಿದಾಗ ಸಿಪ್ಯಾನೆಲ್ ಮಾಡಿದ ಮುಖ್ಯ ಕೆಲಸ, ಪುಟಗಳನ್ನ ಕಳಿಸಿಕೊಡೋ ಅಪಾಚೆ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ನಿಮ್ಮ ಸೈಟ್‌ನ 'ಸರ್ವರ್‌ಏಲಿಯಾಸ್' ಸಾಲಿಗೆ ಹೊಸ ಹೆಸರು ಸೇರಿಸಿದ್ದು. 'ಈ ಹೆಸರು ಕೂಗಿದರೂ ತಿರುಗಿ ನೋಡು' ಅಂತ. ಯಾರನ್ನೂ ಎಲ್ಲಿಗೂ ಕಳಿಸು ಅಂತ ಅದು ಹೇಳಿಲ್ಲ. ಪಾರ್ಕ್ ಮಾಡಿದವರಲ್ಲಿ ಹೆಚ್ಚಿನವರು ಎಡವೋದು ಇಲ್ಲೇ: ಅಡ್ಡಹೆಸರು ಕೊಟ್ಟಾಯ್ತು, ರೀಡೈರೆಕ್ಟ್ ಆಯ್ತು ಅಂದುಕೊಳ್ತಾರೆ. ಅವೆರಡೂ ಬೇರೆ ಬೇರೆ ಕೆಲಸ.

ಈಗ ನಿಮ್ಮ ಚೌಕಗಳು. ವರ್ಡ್‌ಪ್ರೆಸ್ ತನ್ನ ಪೂರ್ತಿ ಹೆಸರನ್ನ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಂಡಿದೆ. ಲಿಂಕ್, ಚಿತ್ರ, ಸ್ಟೈಲ್ ಫೈಲ್, ಎಲ್ಲಕ್ಕೂ ಆ ಹೆಸರನ್ನೇ ಅಂಟಿಸುತ್ತೆ. ಹಾಗಾಗಿ ಅಡ್ಡಹೆಸರಿನಲ್ಲಿ ಮುಖಪುಟ ತೆರೆದರೂ ಒತ್ತಿದ ಲಿಂಕ್ ಹಳೇ ಹೆಸರಿಗೆ ಹೋಗುತ್ತೆ. ಐಕಾನ್‌ಗಳು ಚಿತ್ರಗಳಲ್ಲ, ಒಂದು ಫಾಂಟ್‌ನ ಅಕ್ಷರಗಳು. ಬೇರೆ ಹೆಸರಿನ ಸೈಟ್‌ನಿಂದ ಚಿತ್ರ ತಂದು ತೋರಿಸೋಕೆ ಬ್ರೌಸರ್ ಒಪ್ಪುತ್ತೆ; ಫಾಂಟ್ ಮಾತ್ರ ಆ ಕಡೆಯ ಸರ್ವರ್ 'ಅಡ್ಡಿ ಇಲ್ಲ' ಅಂತ ಹೆಡರ್‌ನಲ್ಲಿ ಹೇಳದೆ ಬಳಸಲ್ಲ. ಎರಡೂ ಹೆಸರು ಒಂದೇ ಫೋಲ್ಡರ್‌ಗೆ ಹೋಗುತ್ತವೆ ಅನ್ನೋದು ಬ್ರೌಸರ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಹೆಸರು ಬೇರೆ ಅಂದರೆ ಸೈಟ್ ಬೇರೆ.

ಪರಿಹಾರ: ಮೂರರಲ್ಲಿ ಒಂದು ಹೆಸರನ್ನ ಪಟ್ಟಕ್ಕೆ ಏರಿಸಿ. ಉಳಿದೆರಡನ್ನೂ 301 (ಶಾಶ್ವತ) ರೀಡೈರೆಕ್ಟ್ ಮೂಲಕ ಅದಕ್ಕೇ ಕಳಿಸಿ. ಸೈಟ್ ಫೋಲ್ಡರ್‌ನಲ್ಲಿರೋ, ಅಪಾಚೆ ಓದೋ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ 'ಬಿಗಿನ್ ವರ್ಡ್‌ಪ್ರೆಸ್' ಅನ್ನೋ ಸಾಲಿಗಿಂತ ಮೇಲೆ ರೂಲ್ ಬರೀರಿ, ಕೆಳಗೆ ಬರೆದರೆ ಒಳಪುಟಗಳಿಗೆ ಅದರ ಸರದಿಯೇ ಬರಲ್ಲ. ಎರಡೂ ಹೆಸರಿಗೆ ಓದೋದು ಅದೇ ಒಂದು ಫೈಲ್, ಅದಕ್ಕೇ 'ಹೋಸ್ಟ್ ಮುಖ್ಯ ಹೆಸರಲ್ಲದಿದ್ದರೆ ಮಾತ್ರ' ಅನ್ನೋ ಷರತ್ತು ಬೇಕೇ ಬೇಕು. ಎಲ್ಲರನ್ನೂ ಮುಖಪುಟಕ್ಕೆ ದಬ್ಬಬೇಡಿ. ಶನಿಯ ಉಂಗುರದ ಲೇಖನ ಕೇಳಿಕೊಂಡು ಬಂದವರು ಮುಖ್ಯ ಹೆಸರಿನಲ್ಲೂ ಅದೇ ಲೇಖನಕ್ಕೆ ತಲುಪಬೇಕು. ಮೊದಲು 302 (ತಾತ್ಕಾಲಿಕ) ಹಾಕಿ ಪರೀಕ್ಷಿಸಿ. 301 ಅನ್ನ ಬ್ರೌಸರ್ ನೆನಪಿಟ್ಟುಕೊಳ್ಳುತ್ತೆ, ತಪ್ಪು ಬರೆದರೆ ತಪ್ಪನ್ನೂ.

ಎಚ್ಚರಿಕೆ ಪುಟ ಬರ್ತಿರೋದು ನಿಮ್ಮ ಎಸ್‌ಎಸ್‌ಎಲ್ ಪ್ರಮಾಣಪತ್ರದಲ್ಲಿ (ಈ ಹೆಸರು ಈ ಸರ್ವರ್‌ದೇ ಅನ್ನೋ ಸಾಕ್ಷಿಪತ್ರ) ಹೊಸ ಹೆಸರು ಇಲ್ಲದ್ದಕ್ಕೆ. 'ಹೇಗೂ ರೀಡೈರೆಕ್ಟ್ ಆಗುತ್ತಲ್ಲ, ಅದಕ್ಕ್ಯಾಕೆ ಎಸ್‌ಎಸ್‌ಎಲ್' ಅಂತ ಬಿಡಬೇಡಿ. ಬ್ರೌಸರ್ ಮೊದಲು ಪ್ರಮಾಣಪತ್ರ ನೋಡುತ್ತೆ, ಆಮೇಲೆ ತಾನೇ ಪುಟ ಕೇಳೋದು. ರೀಡೈರೆಕ್ಟ್ ಅನ್ನೋ ಉತ್ತರ ಬರೋಕೂ ಮುಂಚೆ ಅದು ಬಾಗಿಲಲ್ಲೇ ನಿಂತಿರುತ್ತೆ. ನೇಮ್‌ಸರ್ವರ್ ಹೋಸ್ಟಿಂಗ್ ಕಡೆ ತಿರುಗಿದ ಮೇಲೆ ಸಿಪ್ಯಾನೆಲ್‌ನಲ್ಲಿ ಪ್ರಮಾಣಪತ್ರ ತಾನೇ ತರೋ ಆಟೋಎಸ್‌ಎಸ್‌ಎಲ್ ಓಡಿಸಿ.

ಗೂಗಲ್ ಶಿಕ್ಷೆಯ ಮಾತು ಅತಿ. ಒಂದೇ ಪುಟ ಎರಡು ಹೆಸರಲ್ಲಿ ಸಿಕ್ಕರೆ ಅದು ಒಂದನ್ನ ಆರಿಸಿಕೊಳ್ಳುತ್ತೆ, ಅಷ್ಟೇ. ನಿಮಗೆ ಬೇಡದ್ದನ್ನೇ ಆರಿಸಿಕೊಳ್ಳಬಹುದು ಅನ್ನೋದೊಂದೇ ಭಯ. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಿಗೆ ತಂದ 'ಈ ಪುಟದ ಅಸಲಿ ವಿಳಾಸ ಇದು' ಅಂತ ಹೇಳೋ ಕೆನಾನಿಕಲ್ ಟ್ಯಾಗ್ ಇರೋದು ಇದಕ್ಕೇ, ವರ್ಡ್‌ಪ್ರೆಸ್ ಲೇಖನದ ಪುಟಗಳಲ್ಲಿ ಅದನ್ನ ತಾನೇ ಹಾಕುತ್ತೆ. 301 ಇದ್ದರೆ ಈ ಪ್ರಶ್ನೆಯೇ ಏಳಲ್ಲ.

ನನ್ನ ಒಂದು ಪೆದ್ದುತನ ಹೇಳಿಬಿಡ್ತೀನಿ. ನಾನೇ ನೋಡಿಕೊಳ್ತಿದ್ದ ಸರ್ವರ್‌ನಲ್ಲಿ ಒಂದು ಮುಖ್ಯ ಹೆಸರು, ಮೂರು ಅಡ್ಡಹೆಸರು, ನಾಲ್ಕೂ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಟ್ಟ ಒಂದೇ ಪ್ರಮಾಣಪತ್ರದಲ್ಲಿ. ಒಂದು ಅಡ್ಡಹೆಸರಿಗೆ ಯಾರೂ ಬರ್ತಿಲ್ಲ ಅಂತ ಅದರ ನೋಂದಣಿ ನವೀಕರಣ ಮಾಡದೆ ಬಿಟ್ಟೆ, ಪ್ರಮಾಣಪತ್ರದ ಪಟ್ಟಿಯಿಂದ ತೆಗೆಯೋದನ್ನೂ ಮರೆತೆ. ಆ ಪ್ರಮಾಣಪತ್ರದ ಆಯಸ್ಸು 90 ದಿನ. ಅದನ್ನ ನವೀಕರಿಸೋ ಸರ್ಟ್‌ಬಾಟ್ ತಂತ್ರಾಂಶ ಕೊನೇ 30 ದಿನವೂ ಹೊಸದಕ್ಕೆ ಪ್ರಯತ್ನಿಸುತ್ತಲೇ ಇತ್ತು. ನಾಲ್ಕರಲ್ಲಿ ಒಂದು ಹೆಸರಿನ ಪರಿಶೀಲನೆ ಸೋತರೆ ನಾಲ್ಕಕ್ಕೂ ಸಿಗಲ್ಲ. ದೂರಿನ ಮೇಲ್‌ಗಳೆಲ್ಲ ನಾನು ತೆರೆಯದ ಒಂದು ಇನ್‌ಬಾಕ್ಸ್‌ಗೆ ಹೋಗ್ತಿದ್ದವು. ಒಂದು ಬೆಳಿಗ್ಗೆ ಮುಖ್ಯ ಸೈಟ್‌ಗೇ ಕೆಂಪು ಎಚ್ಚರಿಕೆ. ಯಾರೂ ಬಳಸದ ಹೆಸರು ಎಲ್ಲರೂ ಬಳಸೋ ಹೆಸರನ್ನ ಎಳೆದುಕೊಂಡು ಬಿತ್ತು.

ಅಡ್ಡಹೆಸರು ಕೈಬಿಡೋದಾದರೆ ಮೊದಲು ಪ್ರಮಾಣಪತ್ರದಿಂದ, ಆಮೇಲೆ ಸಿಪ್ಯಾನೆಲ್‌ನಿಂದ, ಕೊನೆಗೆ ನೋಂದಣಿಯಿಂದ. ಅವಧಿ ಮೀರಿದ ಡಾಟ್ ಕಾಮ್ ಹೆಸರು ಅಳಿಸಿದ ಮೇಲೂ 30 ದಿನ ರಿಡೆಂಪ್ಷನ್‌ನಲ್ಲಿ (ಹಳೇ ಮಾಲೀಕರು ಬಿಡಿಸಿಕೊಳ್ಳಬಹುದಾದ ಅವಧಿ), 5 ದಿನ ಪೆಂಡಿಂಗ್ ಡಿಲೀಟ್‌ನಲ್ಲಿ (ಪೂರ್ತಿ ಅಳಿಯೋಕೆ ಕಾಯೋ ಅವಧಿ) ಇದ್ದು ಆಮೇಲೆ ಬೀದಿಗೆ ಬೀಳುತ್ತೆ. ಒಂದಿಷ್ಟು ಲಿಂಕ್ ಅಂಟಿಕೊಂಡಿರೋ ಹೆಸರಾದರೆ ಕಾಯ್ದು ಕೂತವರು ತಕ್ಷಣ ಎತ್ತಿಕೊಳ್ತಾರೆ. ನಾನು ಬಿಟ್ಟ ಆ ಹೆಸರಿನಲ್ಲಿ ಈಗ ಜೂಜಿನ ಜಾಹೀರಾತು ಓಡ್ತಿದೆ.

ಬೇಗ_ಉತ್ತರ:

ಸರಿ ಗುರುಗಳೇ, ಆಡ್‌ಆನ್ ವಾಪಸ್ ತಗೊಂಡೆ. ಆದರೆ ಜಾಹೀರಾತಿನ ದುಡ್ಡು ರಿಜಿಸ್ಟ್ರಾರ್‌ಗೆ (ಡೊಮೇನ್ ಮಾರಿದವರಿಗೆ) ಯಾಕೆ ಹೋಗಬೇಕು? 'ಎಚ್' ಹೆಸರನ್ನ ನಾವೇ ಪಾರ್ಕಿಂಗ್ ಕಂಪನಿಗೆ ಕೊಟ್ಟರೆ ಪಾಲು ಬರುತ್ತಲ್ಲ?

ಹಳೇ_ಸರ್ವರ್:

ಬರುತ್ತೆ, ಲಕ್ಷಾಂತರ ಜನ ತಪ್ಪಿ ಟೈಪ್ ಮಾಡೋ ಹೆಸರಾದರೆ. ಆ ಆಸೆ ದೊಡ್ಡವರನ್ನೂ ಬಿಟ್ಟಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳ ಮೂಲ ದಾಖಲೆ ನಡೆಸೋ ವೆರಿಸೈನ್ ಸಂಸ್ಥೆ, ಅವುಗಳಲ್ಲಿ ನೋಂದಣಿಯೇ ಆಗದ ಹೆಸರುಗಳನ್ನೆಲ್ಲ ತನ್ನ ಸೈಟ್‌ಫೈಂಡರ್ ಪುಟಕ್ಕೆ ತಿರುಗಿಸಿಬಿಟ್ಟಿತ್ತು. ಜಗತ್ತಿನ ಅಷ್ಟೂ ತಪ್ಪು ಕಾಗುಣಿತ ಒಬ್ಬರ ಜೇಬಿಗೆ! ಡೊಮೇನ್ ವ್ಯವಸ್ಥೆ ನೋಡಿಕೊಳ್ಳೋ ಐಕ್ಯಾನ್ ಗದರಿದ ಮೇಲೆ ಅಕ್ಟೋಬರ್ 4ಕ್ಕೆ ನಿಲ್ಲಿಸಿದರು. ಪಾರ್ಕ್ ಮಾಡಿದ ಹೆಸರುಗಳಿಗೆ ಅಂತಲೇ ಗೂಗಲ್ ನಡೆಸ್ತಿದ್ದ ಆಡ್‌ಸೆನ್ಸ್ ಯೋಜನೆಯೂ 2012ರಲ್ಲಿ ಮುಚ್ಚಿತು. ಇನ್ನು ಬೇರೆಯವರ ಟ್ರೇಡ್‌ಮಾರ್ಕ್ ಹೋಲುವ ಹೆಸರಿನಲ್ಲಿ ಜಾಹೀರಾತು ಹಾಕಿದರೆ, 1999ರಿಂದ ಜಾರಿಯಲ್ಲಿರೋ ಯುಡಿಆರ್‌ಪಿ ಅನ್ನೋ ಡೊಮೇನ್ ವಿವಾದದ ನಿಯಮದಡಿ ಆ ಜಾಹೀರಾತೇ ದುರುದ್ದೇಶಕ್ಕೆ ಸಾಕ್ಷಿಯಾಗಬಹುದು, ಹೆಸರೂ ಕೈತಪ್ಪಬಹುದು. ಇವರದು ಇವರದೇ ಸೈಟ್‌ನ ಕಾಗುಣಿತ, ಆ ತೊಂದರೆ ಇಲ್ಲ. ಆದರೂ ಗುರುಗ್ರಹ ನೋಡಲು ಬಂದವರಿಗೆ ತೂಕ ಇಳಿಸೋ ಪುಡಿ ತೋರಿಸಿ ಇವರಿಗೇನು ಸಿಗಬೇಕು?

ಅಂಚೆಯಣ್ಣ:

ಸೈಟ್ ಬಗ್ಗೆಯೇ ಎಲ್ಲರೂ ಮಾತಾಡ್ತಿದ್ದೀರಿ, ಮೇಲ್ ಮರೆತಿದ್ದೀರಿ. ಕಾವಲಿಲ್ಲದ ಅಡ್ಡಹೆಸರು ಅಂದರೆ ಕಳ್ಳರಿಗೆ ಹಬ್ಬ, ನಿಮ್ಮ 'ಎರಡು ಎ' ಹೆಸರನ್ನ ಕಳಿಸಿದವರ ವಿಳಾಸದಲ್ಲಿ ಹಾಕಿ ಯಾರು ಬೇಕಾದರೂ ಪತ್ರ ಬಿಡಬಹುದು. ಆ ಹೆಸರಿನಿಂದ ಮೇಲ್ ಕಳಿಸೋದೇ ಇಲ್ಲ ಅಂತಾದರೆ ಎಸ್‌ಪಿಎಫ್ ದಾಖಲೆಯಲ್ಲಿ (ಈ ಹೆಸರಿನಿಂದ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಯಾವ ಸರ್ವರನ್ನೂ ಬರೆಯದೆ ಬರೀ 'ಮೈನಸ್ ಆಲ್' ಹಾಕಿ, ಡಿಮಾರ್ಕ್‌ನಲ್ಲಿ (ನಕಲಿ ಮೇಲ್ ಬಂದರೆ ಏನು ಮಾಡಬೇಕು ಅನ್ನೋ ದಾಖಲೆ) 'ರಿಜೆಕ್ಟ್' ಅನ್ನಿ.

ಬರೋ ಮೇಲ್ ಕತೆ ಬೇರೆ. ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋ ಎಂಎಕ್ಸ್ ದಾಖಲೆ ತೆಗೆದರೆ ಬರೋದು ನಿಲ್ಲುತ್ತೆ ಅಂದುಕೊಳ್ಳಬೇಡಿ. ಎಂಎಕ್ಸ್ ಸಿಗದಿದ್ದರೆ ಕಳಿಸೋ ಸರ್ವರ್ ಆ ಹೆಸರಿನ 'ಎ ದಾಖಲೆ'ಯಲ್ಲಿರೋ ಐಪಿ ವಿಳಾಸಕ್ಕೇ ಹೋಗಿ ತಟ್ಟುತ್ತೆ. 'ಇಲ್ಲಿ ಅಂಚೆ ತಗೊಳಲ್ಲ' ಅಂತ ಬಾಯಿಬಿಟ್ಟು ಹೇಳೋಕೆ 2015ರಲ್ಲಿ ನಲ್ ಎಂಎಕ್ಸ್ ಬಂತು: ಆದ್ಯತೆ ಸೊನ್ನೆ, ಸರ್ವರ್ ಹೆಸರಿನ ಜಾಗದಲ್ಲಿ ಒಂದೇ ಚುಕ್ಕಿ. ಆದರೆ ನಿಮ್ಮ ವಿಷಯದಲ್ಲಿ ನಾನು ಅದನ್ನ ಹಾಕಲ್ಲ. ಸೈಟ್ ಹೆಸರು ತಪ್ಪಿ ಬರೆಯೋ ಜನ ಮೇಲ್ ವಿಳಾಸವನ್ನೂ ಹಾಗೇ ಬರೀತಾರೆ. ಸಿಪ್ಯಾನೆಲ್‌ನಲ್ಲಿ ಆ ಹೆಸರಿಗೆ ಬಂದದ್ದನ್ನ ಮುಖ್ಯ ವಿಳಾಸಕ್ಕೆ ಫಾರ್ವರ್ಡ್ ಮಾಡಿ.

ಹುಣ್ಣಿಮೆ_ಬೇಡ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೋಡ ಇತ್ತು, ಹೇಗೂ ಹೊರಗೆ ಹೋಗೋ ಹಾಗಿರಲಿಲ್ಲ, ಇದಕ್ಕೇ ಕೂತೆ.

302 ಹಾಕಿ ಅಂದಿದ್ದನ್ನ ಓದಿಯೂ 301 ಹಾಕಿದೆ. ಫಲ ಅನುಭವಿಸಿದೆ. ಬ್ರೌಸರ್ 'ಈ ಪುಟ ಅನೇಕ ಸಲ ರೀಡೈರೆಕ್ಟ್ ಆಗಿದೆ' ಅಂತ ಕೈಚೆಲ್ಲಿತು. ಒಂದೂವರೆ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು: ರೂಲ್‌ನಲ್ಲಿ ಮುಖ್ಯ ಹೆಸರನ್ನ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದೆ ಬರೆದಿದ್ದೆ, ವರ್ಡ್‌ಪ್ರೆಸ್‌ನ 'ಜನರಲ್' ಸೆಟ್ಟಿಂಗ್‌ನಲ್ಲಿ ಅದು ಡಬ್ಲ್ಯುಡಬ್ಲ್ಯುಡಬ್ಲ್ಯು ಸಮೇತ ಇತ್ತು. ನನ್ನ ರೂಲ್ ಆ ಕಡೆ ತಳ್ಳೋದು, ವರ್ಡ್‌ಪ್ರೆಸ್ ಈ ಕಡೆ ತಳ್ಳೋದು. ಸರಿಮಾಡಿದ ಮೇಲೂ ನನ್ನ ಬ್ರೌಸರ್ ಹಳೇ 301 ಹಿಡಿದುಕೊಂಡೇ ಕೂತಿತ್ತು, ಪ್ರೈವೇಟ್ ಕಿಟಕಿಯಲ್ಲಿ ತೆರೆದಾಗ ನೆಟ್ಟಗೆ ಬಂತು.

'ಎಚ್' ಹೆಸರಿನ ನೇಮ್‌ಸರ್ವರನ್ನೂ ಬದಲಾಯಿಸಿದೆ. ಮೊದಲು ಸಿಪ್ಯಾನೆಲ್ ಅದನ್ನ ಸೇರಿಸಿಕೊಳ್ಳೋಕೇ ಒಪ್ಪಲಿಲ್ಲ, ನೇಮ್‌ಸರ್ವರ್ ಇನ್ನೂ ಬೇರೆ ಕಡೆ ತೋರಿಸ್ತಿದೆ ಅಂತು. ಬೆಳಿಗ್ಗೆ ಎದ್ದು ನೋಡಿದಾಗ ಒಪ್ಪಿಕೊಳ್ತು. ಆಟೋಎಸ್‌ಎಸ್‌ಎಲ್ ಓಡಿಸಿದ ಮೇಲೆ ಮೂರು ಹೆಸರಿಗೂ ಬೀಗದ ಚಿತ್ರ ಬಂದಿದೆ. ಎಸ್‌ಪಿಎಫ್, ಡಿಮಾರ್ಕ್ ಹಾಕಿದೆ, ಮೇಲ್ ಫಾರ್ವರ್ಡೂ ಆಗಿದೆ. ಮೂರಕ್ಕೂ ಆಟೋ ರಿನ್ಯೂವಲ್ ಒತ್ತಿದೆ.

ಒಂದು ಪ್ರಶ್ನೆ ಉಳಿದಿದೆ. ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತಂತಲ್ಲ, ಅದನ್ನೂ ಅಡ್ಡಹೆಸರಾಗಿ ಸೇರಿಸಬಹುದಾ? ಅದಕ್ಕಾದರೆ 'ಎಚ್' ಜಗಳ ಇಲ್ಲ.

ಹಳೇ_ಸರ್ವರ್:

ಸೇರಿಸಬಹುದು. ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಡಿಎನ್‌ಎಸ್‌ಗೆ ಕನ್ನಡ ನೇರವಾಗಿ ಹೋಗಲ್ಲ, ಪ್ಯುನಿಕೋಡ್‌ಗೆ ತಿರುಗುತ್ತೆ. 'ಎಕ್ಸ್ ಎನ್ ಹೈಫನ್ ಹೈಫನ್' ಅಂತ ಶುರುವಾಗೋ, ಬಾಯಲ್ಲಿ ಹೇಳಲಾಗದ ಒಂದು ರೂಪ. ಸಿಪ್ಯಾನೆಲ್ ಕನ್ನಡ ಒಪ್ಪದಿದ್ದರೆ ಅಲ್ಲೂ, ರೂಲ್‌ನಲ್ಲಿ, ಪ್ರಮಾಣಪತ್ರದಲ್ಲಿ ಯಾವಾಗಲೂ ಆ ರೂಪವನ್ನೇ ಕೊಡಿ. ಮುಖ್ಯ ಹೆಸರನ್ನಾಗಿ ಮಾತ್ರ ಬೇಡ, ಲಿಂಕ್ ಕಾಪಿ ಮಾಡಿ ಕಳಿಸಿದಾಗ ಎಷ್ಟೋ ಕಡೆ ಆ ವಿಕಾರ ರೂಪವೇ ಅಂಟಿಕೊಳ್ಳುತ್ತೆ.

ಐಕಾನ್ ಬಂದವಾ?

ಹುಣ್ಣಿಮೆ_ಬೇಡ:

ಬಂದವು. ಮೂರರಲ್ಲಿ ಯಾವ ಹೆಸರು ಹೊಡೆದರೂ ಭೂತಗನ್ನಡಿ ಕಾಣ್ತಿದೆ. 'ಸೈಟ್ ಮುಚ್ಚಿಹೋಯ್ತಾ' ಅಂತ ಕೇಳಿದವರಿಗೆ ಈಗಷ್ಟೇ ಲಿಂಕ್ ಕಳಿಸಿದೆ, ಬೇಕಂತಲೇ ಅವರ ಕಾಗುಣಿತದಲ್ಲೇ.